ಬೀಸುಕಲ್ಲಿನ ಪದದ ಕೊನೆಯ ನುಡಿ

ಹೋದ ಗುರುವಾರ ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋಗಿದ್ದೆ. ನನ್ನ ಸರದಿ ಬರುವಷ್ಟರಲ್ಲಿ ಹಸಿರು ರುಮಾಲಿನ ಫಕೀರನೊಬ್ಬ ಲೋಬಾನದ ಹೊಗೆ ಹಿಡಿದು ಅಂಗಡಿಯಿಂದ ಅಂಗಡಿಗೆ ಬರುತ್ತಾ ಗಿರಣಿಯೊಳಕ್ಕೂ ಬಂದ. ನವಿಲುಗರಿಯ ಕಟ್ಟಿನಿಂದ ಹೊಗೆಯನ್ನು ಒಳಕ್ಕೆ ಬೀಸಿದ. ಗಿರಣಿಯವನು ಕೆಲಸ ನಿಲ್ಲಿಸದೆಯೇ ಹಣೆಗೆ ಕೈ ಮುಟ್ಟಿಸಿಕೊಂಡ. ಆಗಷ್ಟೇ ಡಬ್ಬಿಗೆ ಬಿದ್ದ ಬಿಸಿ ಹಿಟ್ಟಿನ ವಾಸನೆಗೆ ಲೋಬಾನದ ವಾಸನೆ ಕೂಡಿಕೊಂಡಿತು... ನಾನು ಗೋಡೆ ಹಿಡಿದು ನಿಂತೆ.

"ಯಾಕ್ರಿ ಯವ್ವಾ, ತಲಿ ತಿರಗಾಕತ್ತದೇನು? ಕುಂದರ್ರಿ" ಎಂದು ಗಿರಣಿಯವನು ಸ್ಟೂಲು ಸರಿಸಿದ.

ತಲೆ ತಿರುಗಿರಲಿಲ್ಲ. ಆ ಎರಡು ವಾಸನೆಗಳು ಒಟ್ಟಿಗೆ ಇರುತ್ತಿದ್ದ ಮನೆ ನನಗೆ ಗೊತ್ತಿದ್ದದ್ದು ಒಂದೇ. ರಾಯಚೂರಿನ ಕೋಟೆಗೋಡೆಯ ಹಿಂದಿನ ಓಣಿಯಲ್ಲಿ, ನಮ್ಮ ಮನೆಗೆ ಅಂಟಿಕೊಂಡಿದ್ದ ಖಾಲಾನ ಮನೆ. ಖಾಲಾ ಎಂದರೆ ಚಿಕ್ಕಮ್ಮ. ನನಗೆ ಆಕೆ ರಕ್ತಸಂಬಂಧಿಯಲ್ಲ. ಓಣಿಗೆಲ್ಲಾ ಆಕೆ ಖಾಲಾ, ಆದ್ದರಿಂದ ನನಗೂ ಖಾಲಾ.

ನಾನು ಮಾನ್ವಿಯ ಕೂಲಿಕಾರನ ಮಗಳು. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಏಕತಾರಿ ಬರುತ್ತಿತ್ತು. ಅಮಾವಾಸ್ಯೆಗೊಮ್ಮೆ ನಮ್ಮ ಕೇರಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂಡಿ ತತ್ವಪದ ಹಾಡುತ್ತಿದ್ದರು. ನನ್ನ ದನಿ ಅಲ್ಲಿಂದ ಬಂದದ್ದು. ಅಪ್ಪ ಹಟ ಹಿಡಿದು ನನ್ನನ್ನು ಓದಿಸಿದ, ನಾನು ಶಾಲಾ ಶಿಕ್ಷಕಿಯಾದೆ. ಎಪ್ಪತ್ತರ ದಶಕದ ನಡುಭಾಗದಲ್ಲಿ ಮದುವೆಯಾಗಿ ರಾಯಚೂರಿಗೆ ಬಂದೆ. ನನ್ನವರು ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಇಬ್ಬರೂ ಕೂಡಿ ಬಾಡಿಗೆ ಮನೆ ಹುಡುಕಲು ಹೊರಟೆವು. ಮನೆಯವರು ಮೊದಲು ಊರು ಕೇಳುತ್ತಿದ್ದರು, ಆಮೇಲೆ "ಯಾವ ಪೈಕಿ?" ಎನ್ನುತ್ತಿದ್ದರು, ಆಮೇಲೆ ಮನೆ ಖಾಲಿ ಇರುತ್ತಿರಲಿಲ್ಲ. ಹೀಗೆ ಹದಿನೈದು ದಿನ ಅಲೆದು ಕೋಟೆಯ ಹಿಂದಿನ ಆ ಓಣಿಗೆ ಬಂದಾಗ ಬಾಗಿಲಲ್ಲಿ ಕೌದಿ ಹೊಲಿಯುತ್ತಾ ಕುಳಿತಿದ್ದ ಐವತ್ತರ ಹೆಂಗಸೊಬ್ಬಳು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. ಕೇಳಿದ್ದು ಒಂದೇ ಮಾತು.

"ನೀರು ಕುಡದೀರೇನು?"

ಆ ಬಿಸಿಲಿನಲ್ಲಿ ಆಕೆ ಕೊಟ್ಟ ನೀರು ಕುಡಿದೆವು. ಪಕ್ಕದ ಎರಡು ಕೋಣೆಗಳು ಆಕೆಯವೇ. ಅವತ್ತು ಸಂಜೆಯೇ ನಮ್ಮ ಟ್ರಂಕು ಅಲ್ಲಿಗೆ ಬಂತು.

ಖಾಲಾ ವಿಧವೆ. ಮಕ್ಕಳಿರಲಿಲ್ಲ. ಜೊತೆಗೆ ಮೈದುನನ ಮಗನೊಬ್ಬ ಸಂಸಾರ ಸಮೇತ ಇದ್ದ, ಅಕ್ಕಿ ಗಿರಣಿಯಲ್ಲಿ ಕೆಲಸ. ಖಾಲಾನ ತವರು ದೇವದುರ್ಗ. ದಿನವೂ ಬೆಳಗಿನ ನಮಾಜು ಮುಗಿದ ಮೇಲೆ ಆಕೆ ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. ಓಣಿಯ ತುದಿಯಲ್ಲೇ ಹಿಟ್ಟಿನ ಗಿರಣಿ ಇತ್ತು. ಯಾರೂ ಕಲ್ಲು ಮುಟ್ಟುತ್ತಿರಲಿಲ್ಲ. ಖಾಲಾ ಮಾತ್ರ ಎರಡು ಸೇರು ಜೋಳವಾದರೂ ಕೈಯಲ್ಲೇ ಬೀಸುತ್ತಿದ್ದಳು. ಕೂರುವ ಮೊದಲು ಒಂದು ಚಿಟಿಕೆ ಲೋಬಾನ ಕೆಂಡದ ಮೇಲೆ ಹಾಕಿ ಕಲ್ಲಿಗೆ ತೋರಿಸುತ್ತಿದ್ದಳು. ಕಲ್ಲು ತಿರುಗಲು ಶುರುವಾದ ಸ್ವಲ್ಪ ಹೊತ್ತಿಗೆ ಹಾಡು ಬರುತ್ತಿತ್ತು. ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಒಲೆಯ ಮುಂದೆ ಕೂತವಳು ನಾನು ಹಿಟ್ಟು ನಾದುವುದನ್ನು ಮರೆತು ಕೇಳುತ್ತಿದ್ದೆ. ಅರ್ಧ ದಖನಿ ಉರ್ದು, ಅರ್ಧ ಕನ್ನಡ. ಪಲ್ಲವಿ ಮಾತ್ರ ಪೂರಾ ನಮ್ಮದು.

ಕಣ್ಣು ಮುಚ್ಚಿ ಬಿದ್ದ ಕಾಳು
ಹಿಟ್ಟಾಗಿ ಕಣ್ಣು ತೆರದಾವ
ತಿರುಗೋ ಕಲ್ಲೇ, ಹೂ ಅನ್ನು

ಕೆಲವು ದಿನಗಳಲ್ಲೇ ಅದು ನನ್ನ ಬಾಯಿಗೆ ಬಂತು. ಒಮ್ಮೆ ಬಟ್ಟೆ ಒಣಹಾಕುತ್ತಾ ಗುನುಗುತ್ತಿದ್ದೆ. ಖಾಲಾ ಗೋಡೆಯ ಆಚೆಯಿಂದ ಕೇಳಿಸಿಕೊಂಡು ಬಾಗಿಲಿಗೆ ಬಂದಳು. ಬೈಯುತ್ತಾಳೇನೋ ಎಂದು ಸುಮ್ಮನಾದೆ.

"ದನಿ ಛಲೋ ಅದ. ಆದ್ರ ಬಾಯಿಲೆ ಹಾಡಾಕತ್ತೀದಿ. ಈ ಪದ ಕೈಲೆ ಹಾಡೋದು. ನಾಳಿ ಮುಂಜಾನಿ ಬಾ" ಎಂದಳು.

ಮರುದಿನ ಬೆಳಿಗ್ಗೆ ಆಕೆಯ ಎದುರು ಕೂತೆ. ಇಬ್ಬರೂ ಒಂದೇ ಗೂಟ ಹಿಡಿದೆವು, ಆಕೆಯ ಕೈ ಮೇಲೆ, ನನ್ನದು ಕೆಳಗೆ. ಗೂಟ ಆಕೆಯ ಕಡೆ ಹೋದಾಗ ಉಸಿರು ಒಳಗೆ, ನನ್ನ ಕಡೆ ಬಂದಾಗ ಹೊರಗೆ. ಹೊರಗೆ ಬಿಡುವಾಗ 'ಹೂ' ಎನ್ನಬೇಕು. ಅದು ಅಲ್ಲಾನ ಹೆಸರು ಎಂದು ನನಗೆ ಆಗ ಗೊತ್ತಿರಲಿಲ್ಲ. ಅಪ್ಪನ ಕಟ್ಟೆಯ ಮೇಲಿನ ಭಜನೆಯಲ್ಲಿ 'ಓಂ' ಎಳೆಯುತ್ತಿದ್ದರಲ್ಲ, ಹಾಗೆ ಇದೂ ಇರಬೇಕು ಅಂದುಕೊಂಡೆ. ಈಗ ಯೋಚಿಸಿದರೆ ನಾನು ತೀರಾ ತಪ್ಪಾಗಿಯೇನೂ ತಿಳಿದುಕೊಂಡಿರಲಿಲ್ಲ.

ಖಾಲಾ ಓದಿದವಳಲ್ಲ. ಆದರೆ ಹೇಳುವ ಮಾತಿಗೆ ತೂಕವಿತ್ತು. ಒಂದು ದಿನ ಗೂಟ ತೋರಿಸಿ ಹೇಳಿದಳು. "ಇದು ನೋಡು, ನೆಟ್ಟಗ ನಿಂತದ, ಅಲಿಫ್ ಇದ್ದಂಗ. ಅಲಿಫ್ ಅಂದ್ರ ಮೊದಲನೇ ಅಕ್ಷರ. ನಮ್ಮ ಅಮ್ಮಿಗೆ ಓದಾಕ ಬರ್ತಿದ್ದಿಲ್ಲ. ಆದ್ರ ಸಾಯೋತನಕ ದಿನಾ ಮುಂಜಾನಿ ಅಲಿಫ್ ಹಿಡದು ತಿರುಗಿಸಿದಾಕಿ."

ಇನ್ನೊಮ್ಮೆ ಈ ಪದ ಎಲ್ಲಿಂದ ಬಂತು ಎಂದು ಕೇಳಿದೆ. ದೇವದುರ್ಗದ ಹತ್ತಿರದ ಗುಡ್ಡದ ಮೇಲೆ ಒಂದು ದರ್ಗಾ ಇದೆ. ಅಲ್ಲಿನ ಪೀರ ಬದುಕಿದ್ದಾಗ ಗಂಡಸರು ಅವನ ಮುಂದೆ ಕೂತು ಧ್ಯಾನ ಕಲಿಯುತ್ತಿದ್ದರಂತೆ. "ಹೆಣ್ಮಕ್ಕಳು ಯಾವಾಗ ಹೋಗಬೇಕು? ಒಲಿ ಅದ, ಕೂಸು ಅದ, ಕಲ್ಲು ಅದ. ಅದಕ್ಕ ಪೀರ ಅಂದ್ನಂತ, ನೀವು ಬರಬ್ಯಾಡ್ರಿ, ನಿಮ್ಮ ಕಲ್ಲಿಗೇ ನಾನು ಬರ್ತೀನಿ."

ಈಗ ಸೂಫಿ ಸಂಗೀತ ಎಂದು ವೇದಿಕೆಗಳ ಮೇಲೆ ದೊಡ್ಡ ದೊಡ್ಡ ಮಾತು ಕೇಳುತ್ತೇನೆ. ಖಾಲಾನ ಆ ಎರಡು ಮಾತಿಗಿಂತ ಹೆಚ್ಚಿನದನ್ನು ನನಗೆ ಯಾರೂ ಹೇಳಲಿಲ್ಲ.

ಎರಡನೆಯ ವರ್ಷ ನನಗೆ ಏಳು ತಿಂಗಳಲ್ಲಿ ಹೆರಿಗೆಯಾಗಿ ಕೂಸು ಹೋಯಿತು. ಹೆಣ್ಣು ಕೂಸು. ನನ್ನವರು ಅಳಲಾರದೆ ಮಿಲ್ಲಿಗೆ ಹೋಗುತ್ತಿದ್ದರು. ಅವ್ವ ಮಾನ್ವಿಯಿಂದ ಬಂದು ಒಂದು ತಿಂಗಳಿದ್ದು ಹೋದಳು. ಆಮೇಲೆ ಮನೆಯಲ್ಲಿ ನಾನೊಬ್ಬಳೇ. ಊಟ ಬಿಟ್ಟೆ, ಮಾತು ಬಿಟ್ಟೆ. ನಲವತ್ತನೆಯ ದಿನ ಖಾಲಾ ಬಂದು ಏನೂ ಹೇಳದೆ ರಟ್ಟೆ ಹಿಡಿದು ಎಬ್ಬಿಸಿದಳು, ತನ್ನ ಮನೆಗೆ ಕರೆದೊಯ್ದು ಕಲ್ಲಿನ ಮುಂದೆ ಕೂರಿಸಿದಳು.

"ಅಳಬೇಕಂದ್ರ ಇಲ್ಲಿ ಅಳು ಬೇಟಿ. ಕಲ್ಲಿನ ಸದ್ದಿನಾಗ ಯಾರಿಗೂ ಕೇಳಂಗಿಲ್ಲ."

ಅವತ್ತು ಎಷ್ಟು ಜೋಳ ಬೀಸಿದೆವೋ ಗೊತ್ತಿಲ್ಲ. ಆಕೆ ಹಾಡುತ್ತಿದ್ದಳು, ನಾನು ಅಳುತ್ತಿದ್ದೆ. ಮುಖ, ಕೈ, ಸೀರೆ ಎಲ್ಲ ಹಿಟ್ಟು. ಮಧ್ಯೆ ಎಲ್ಲೋ ನನ್ನ ಬಾಯಿಂದಲೂ 'ಹೂ' ಬರತೊಡಗಿತು... ಬೀಸಿ ಮುಗಿದಾಗ ಹಸಿವಾಗಿತ್ತು. ಅದೇ ಹಿಟ್ಟಿನ ರೊಟ್ಟಿ ಬಡಿದು ಖಾಲಾ ಬೆಲ್ಲದ ಜೊತೆ ತಿನ್ನಿಸಿದಳು. ನಾನು ಬದುಕಿಕೊಂಡದ್ದು ಅವತ್ತು.

ಮುಂದಿನ ವರ್ಷಗಳಲ್ಲಿ ಪದದ ನುಡಿಗಳು ಒಂದೊಂದಾಗಿ ನನಗೆ ಬಂದವು. ಖಾಲಾ ಅವಸರ ಮಾಡುತ್ತಿರಲಿಲ್ಲ. ಒಂದು ನುಡಿ ಕೈಗೆ ಕೂತ ಮೇಲೆಯೇ ಇನ್ನೊಂದು. ಬರೆದುಕೊಳ್ಳುತ್ತೇನೆ ಎಂದರೆ ಬೇಡ ಎಂದಳು. "ಕಾಗದಕ್ಕ ಉಸುರಿಲ್ಲ." ಹನ್ನೊಂದು ನುಡಿ ಆದ ಮೇಲೆ ಕೊನೆಯದೊಂದು ಉಳಿಯಿತು. ಅದನ್ನು ಇಲ್ಲಿ ಹೇಳಿಕೊಡುವುದಿಲ್ಲ, ದೇವದುರ್ಗಕ್ಕೆ ಬಾ ಎಂದಳು.

ದರ್ಗಾದ ಉರುಸಿನಲ್ಲಿ ಗಂಧದ ದಿನ ಇಬ್ಬರೂ ಬಸ್ಸು ಹತ್ತಿದೆವು. ದೇವದುರ್ಗದಲ್ಲಿ ಇಳಿದು ಮೂರು ಮೈಲು ನಡೆದೆವು. ಗುಡ್ಡದ ಮೇಲೆ ಸಣ್ಣ ಗುಮ್ಮಟ, ಅದರ ಹಿಂದೆ ಗಚ್ಚಿನ ಗೋಡೆಯ ಒಂದು ತಗ್ಗು ಕೋಣೆ. ಹೆಂಗಸರ ಕೋಣೆ. ಒಂದು ಗೋಡೆಗೆ ಮಾತ್ರ ಕಲ್ಲಿನ ಜಾಲಂದ್ರ, ಅದರ ಕಿಂಡಿಗಳಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ನೆಲಕ್ಕೆ ಬೀಳುತ್ತಿತ್ತು. ಗೋಡೆ ತುಂಬ ಗಂಧದ ಕೈಯಚ್ಚುಗಳು. ಅಲ್ಲಿ ನಾಲ್ಕು ಬೀಸುಕಲ್ಲು, ಪೀರನ ನೈವೇದ್ಯಕ್ಕೆ ಗೋಧಿ ಬೀಸುತ್ತಿದ್ದರು. ಬುರ್ಖಾದವರೂ ಕುಂಕುಮದವರೂ ಒಂದೇ ಗೂಟ ಹಿಡಿದಿದ್ದರು. ಮಸರಕಲ್ಲಿನಿಂದ ಬಂದ ಮುದುಕಿಯೊಬ್ಬಳು ನನಗೆ ಜಾಗ ಮಾಡಿಕೊಟ್ಟಳು. ಹಾಡು ಎದ್ದಾಗ ಆ ತಗ್ಗು ಚಾವಣಿ ದನಿಯನ್ನು ಹಿಡಿದು ಮತ್ತೆ ನಮ್ಮ ಮೇಲೆಯೇ ಬಿಡುತ್ತಿತ್ತು. ಹತ್ತು ಹೆಂಗಸರು ನೂರು ಹೆಂಗಸರಾದಂತೆ. ಅಂಥ ದನಿಯನ್ನು ನಾನು ಆಮೇಲೆ ಯಾವ ಸಭಾಂಗಣದಲ್ಲೂ ಕೇಳಲಿಲ್ಲ.

ಕೊನೆಯ ನುಡಿ ಅಲ್ಲಿ ಕೇಳಿದೆ. ಅದರಲ್ಲಿ ತತ್ವವೇನೂ ಇಲ್ಲ. ಇಂಥವಳು ಹಾಡಿದಳು, ಅವಳ ಮಗಳು ಇಂಥವಳು ಹಾಡಿದಳು, ಪೀರನ ಬಾಗಿಲಲ್ಲಿ ಹಿಟ್ಟಾಗಿ ಕುಂತರು... ಅಷ್ಟೆ. ಎರಡು ಹೆಸರು. ಖಾಲಾನ ಅಜ್ಜಿಯದು, ಅವ್ವನದು.

"ನಿನ್ನ ಹೆಸರು ಎಲ್ಲಿ ಖಾಲಾ?" ಎಂದೆ.

"ತನ್ನ ಹೆಸರು ತಾನ ಹಾಡಕೋಬಾರ್ದು, ಅದು ಗರ್ವ ಆಗ್ತದ. ನಾ ಯಾರಿಗೆ ಪದ ಕೊಡ್ತೀನಿ, ಆಕಿ ನನ್ನ ಹೆಸರು ಸೇರಸಬೇಕು. ನಮ್ಮ ಅಮ್ಮಿ ಹೆಸರು ನಾ ಸೇರಸಿದ್ದು."

ಓಣಿಯಲ್ಲಿ ಯಾರೂ ಆಕೆಯ ಹೆಸರು ಕರೆದದ್ದನ್ನು ನಾನು ಕೇಳಿರಲಿಲ್ಲ. ಹೇಳು ಎಂದೆ. ಖಾಲಾ ನಕ್ಕಳು. "ಹೆಸರು ಕೊಟ್ಟಮ್ಯಾಲ ನಾ ಹಾಡಂಗಿಲ್ಲ, ಪದ ನಿಂದಾಗ್ತದ. ಇನ್ನ ಬೀಸೋ ಶಕ್ತಿ ಅದ ನನಗ. ಕೈ ಸೋತ ದಿನ ಹೇಳ್ತೀನಿ. ಮಕ್ಕಳಿಲ್ಲ, ಯಾರಿಗಿ ಕೊಡ್ಲಿ ಅಂತಿದ್ದೆ. ನೀ ಬಂದಿ."

ಹಿಂದಿರುಗುವಾಗ ಬಸ್ಸಿನಲ್ಲಿ ಆಕೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು.

ಎಂಬತ್ತರ ದಶಕ ಬಂತು. ಟೇಪ್ ರೆಕಾರ್ಡರ್ ಎಲ್ಲರ ಮನೆಗೂ ಬಂತು. ಹೋಟೆಲುಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಬ್ಬಿನ ಹಾಲಿನ ಅಂಗಡಿಯಲ್ಲಿ ಎಲ್ಲೆಲ್ಲೂ ಕ್ಯಾಸೆಟ್ಟು. ನಾನು ಶಾಲೆಯ ಕಾರ್ಯಕ್ರಮಗಳಲ್ಲಿ, ಶಿಕ್ಷಕರ ಸಮ್ಮೇಳನಗಳಲ್ಲಿ ಹಾಡುತ್ತಿದ್ದೆ. ಹಾಗೆ ಒಮ್ಮೆ ನನ್ನ ಹಾಡು ಕೇಳಿದವರೊಬ್ಬರು ಹುಬ್ಬಳ್ಳಿಯಲ್ಲಿ ಕ್ಯಾಸೆಟ್ ಮಾಡುವವರಿಗೆ ಹೇಳಿದರು. ಕಾಗದ ಬಂತು. ತತ್ವಪದ, ಸೂಫಿ ಪದಗಳದೊಂದು ಕ್ಯಾಸೆಟ್ ತರುತ್ತಿದ್ದಾರೆ, ಬೀಸುವ ಪದವನ್ನು ನೀವು ಹಾಡಬೇಕು, ಮೇಲೆ ನಿಮ್ಮ ಹೆಸರು ಹಾಕುತ್ತೇವೆ ಎಂದು ಬರೆದಿದ್ದರು.

ಹೆಸರು ಎಂಬ ಆ ಮಾತನ್ನು ನಾನು ಎಷ್ಟು ಸಲ ಓದಿದೆನೋ. ಅಂಗಡಿಯಲ್ಲಿ ಮಾರುವ ವಸ್ತುವಿನ ಮೇಲೆ ನಮ್ಮ ಕೇರಿಯವರ ಹೆಸರು ಅಚ್ಚಾಗಿದ್ದನ್ನು ಯಾರೂ ಕಂಡಿರಲಿಲ್ಲ. ಮನೆ ಕೊಡದ ಓಣಿಗಳಲ್ಲಿಯೂ ನನ್ನ ದನಿ ಕೇಳುತ್ತದೆ ಎಂಬ ಆಸೆ ಹುಟ್ಟಿತು. ಅದನ್ನು ಮುಚ್ಚಿಡುವುದಿಲ್ಲ.

ಖಾಲಾನನ್ನು ಕೇಳಿದೆ. ಆಕೆ ಕೌದಿಯಿಂದ ತಲೆಯೆತ್ತದೆ ಒಪ್ಪಿದಳು. "ಹಾಡು. ಮುಚ್ಚಿ ಇಡೋ ಸಾಮಾನೇನು ಅದು? ಆದ್ರ ಕೊನೀ ನುಡಿ ಬಿಡಬ್ಯಾಡ. ಈಗ ಎರಡ ಹೆಸರು ಸಾಕು. ನನ್ನದು ಆಮ್ಯಾಲ."

"ಬಿಡಂಗಿಲ್ಲ" ಎಂದೆ. ಆಕೆಯ ಮಂಡಿ ಮುಟ್ಟಿ ಹೇಳಿದೆ.

ಹುಬ್ಬಳ್ಳಿಯಲ್ಲಿ ಗೋಡೆಗೆಲ್ಲಾ ಗೋಣಿ ತಟ್ಟು ಬಡಿದ ಕೋಣೆಯಲ್ಲಿ ಹಾಡಿದೆ. ಬೀಸುಕಲ್ಲಿನ ಸದ್ದನ್ನು ಯಾವುದೋ ವಾದ್ಯದಿಂದ ಹೊರಡಿಸಿದರು, ನಿಜವಾದ ಕಲ್ಲಿಗಿಂತ ಚೆನ್ನಾಗಿಯೇ ಕೇಳಿತು. ಹನ್ನೊಂದು ನುಡಿಗಳಲ್ಲಿ ಐದನ್ನು ಇಟ್ಟುಕೊಂಡರು. ಅದಕ್ಕೆ ನಾನು ಒಪ್ಪಿದೆ. ಕೊನೆಯ ನುಡಿ ಹಾಡಿದಾಗ ಸಂಗೀತ ಕೂಡಿಸುವವರು ಕೈಯೆತ್ತಿ ನಿಲ್ಲಿಸಿದರು.

"ಇದು ಬ್ಯಾಡ್ರಿ. ಈ ಹೆಸರು ಯಾರಿಗೆ ಗೊತ್ತು? ಕೇಳೋರಿಗೆ ಅಡ್ಡ ಬರ್ತಾವು. ಪಲ್ಲವಿಗೇ ತಂದು ಮುಗಿಸೋಣು."

"ಅದು ಇಲ್ಲಂದ್ರ ಪದ ಮುಗಿಯಂಗಿಲ್ರಿ" ಎಂದೆ.

"ಮುಗಿಸೋದು ನನಗ ಬಿಡ್ರಿ."

ಅವರು ಕೆಟ್ಟವರಲ್ಲ. ಗದರಲಿಲ್ಲ, ಹೆದರಿಸಲಿಲ್ಲ. ಬಿಡಬೇಡಿ ಎಂದು ನಾನು ಇನ್ನೊಮ್ಮೆ ಹೇಳಿದ್ದರೆ ಉಳಿಸಿಕೊಳ್ಳುತ್ತಿದ್ದರೋ ಏನೋ. ಪಕ್ಕದ ಮೇಜಿನ ಮೇಲೆ ಕ್ಯಾಸೆಟ್ಟಿನ ಹೊದಿಕೆಯ ಮಾದರಿ ಬಿದ್ದಿತ್ತು. ಕಿತ್ತಳೆ ಬಣ್ಣದ್ದು. ಅದರ ಮೇಲೆ ನನ್ನ ಹೆಸರು ಆಗಲೇ ಅಚ್ಚಾಗಿತ್ತು. ನಾನು ಇನ್ನೊಮ್ಮೆ ಹೇಳಲಿಲ್ಲ.

ಕ್ಯಾಸೆಟ್ ಬಂದಾಗ ಮಾನ್ವಿಗೆ ಒಯ್ದೆ. ಅಪ್ಪ ಅಕ್ಷರಗಳ ಮೇಲೆ ಬೆರಳಾಡಿಸಿ "ಇದೇನು ನಿನ್ನ ಹೆಸರು?" ಎಂದು ಮೂರು ಸಲ ಕೇಳಿದ. ಏಕತಾರಿಯ ಪಕ್ಕದ ಗೂಡಿನಲ್ಲಿ ಅದನ್ನಿಟ್ಟು ಊದಿನಕಡ್ಡಿ ಹಚ್ಚಿದ. ಹಾಡಿನ ಹೆಸರಿನ ಕೆಳಗೆ 'ಜಾನಪದ' ಎಂದು ಸಣ್ಣ ಅಕ್ಷರದಲ್ಲಿತ್ತು. ಅದನ್ನು ಅಪ್ಪನಿಗೆ ಓದಿ ಹೇಳಲಿಲ್ಲ.

ಖಾಲಾನಿಗೆ ಕೊಡಲಿಲ್ಲ. ಆಕೆಯ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ, ಅದೇ ನನಗೆ ನೆಪವಾಯಿತು. ಬಂತೇನು ಎಂದು ಕೇಳಿದಾಗ "ಇನ್ನೂ ಬಂದಿಲ್ಲ ಖಾಲಾ" ಎಂದೆ. ಎರಡು ಸಲ ಹಾಗೆ ಹೇಳಿದೆ. ಆ ಹೊತ್ತಿಗೆ ಊರಿನ ಆಟೋಗಳಲ್ಲಿ ನನ್ನ ದನಿ ಓಡಾಡುತ್ತಿತ್ತು.

ಆ ವರ್ಷ ಗಂಧದ ದಿನ ನನಗೆ ಶಾಲೆಯಲ್ಲಿ ಪರೀಕ್ಷೆ. ಖಾಲಾ ಒಬ್ಬಳೇ ದೇವದುರ್ಗಕ್ಕೆ ಹೊರಟಳು, ಬಸ್ಸು ಹತ್ತಿಸಲು ಮೈದುನನ ಮಗ ಹೋಗಿದ್ದ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ವಾಪಸು ಬಂದರು. ಏನಾಯಿತೆಂದು ಅವನೇ ನನಗೆ ಆಮೇಲೆ ಹೇಳಿದ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ಪದ ಹಚ್ಚಿದ್ದರು. ಖಾಲಾ ಕೈಗಂಟು ಕೆಳಗಿಟ್ಟು ನಿಂತಳಂತೆ. ಮೊದಲು ಮುಖ ಅರಳಿತು, ಪಕ್ಕದಲ್ಲಿ ನಿಂತವರಿಗೆ "ನಮ್ಮ ಬೇಟಿ ಹಾಡ್ಯಾಳ" ಎಂದಳು. ದೇವದುರ್ಗದ ಬಸ್ಸು ಬಂತು. ಕಂಡಕ್ಟರ್ ಕೂಗಿದ. "ತಡಿಯಪ್ಪಾ, ಕೊನೀ ನುಡಿ ಬರ್ತದ" ಎಂದು ನಿಂತೇ ಇದ್ದಳು. ಹಾಡು ಮುಗಿಯಿತು. ಕ್ಯಾಸೆಟ್ಟಿನಲ್ಲಿ ಬೇರೆ ಯಾರದೋ ಹಾಡು ಶುರುವಾಯಿತು. ಅದೂ ಮುಗಿಯಿತು. ಬಸ್ಸು ಹೋಗಿತ್ತು.

"ಇನ್ನೊಂದು ಬಸ್ ಅದ ಬಡೀಮಾ ಅಂದೆ. ಬ್ಯಾಡ, ಮನಿಗಿ ಹೋಗೋಣು ಅಂದ್ಲು" ಎಂದು ತನ್ನ ದೊಡ್ಡಮ್ಮನ ಬಗ್ಗೆ ಅವನು ಹೇಳಿದ. ಅವನಿಗೆ ಯಾಕೆಂದು ತಿಳಿದಿರಲಿಲ್ಲ.

ಸಂಜೆ ಖಾಲಾ ನಮ್ಮ ಮನೆಗೆ ಬಂದಳು. ನಾನು ಒಲೆಯ ಮುಂದಿದ್ದೆ. ಬಾಗಿಲಲ್ಲೇ ಕೂತಳು.

"ಛಲೋ ಹಾಡೀದಿ. ದನಿ ಭಾಳ ಛಲೋ ಬಂದದ" ಎಂದಳು.

ನಾನು ಬೆಂಕಿ ಊದುತ್ತಿದ್ದೆ. ಉರಿಯುತ್ತಿದ್ದ ಬೆಂಕಿಯನ್ನೇ ಊದುತ್ತಿದ್ದೆ.

"ಕೊನೀ ನುಡಿ ಬರ್ತದ, ಬರ್ತದ ಅಂತ ನಿಂತಿದ್ದೆ."

"ಕ್ಯಾಸೆಟ್ಟಿನಾಗ ಜಾಗ ಇದ್ದಿಲ್ಲ ಖಾಲಾ."

ಖಾಲಾ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುವವಳಂತೆ ಕೇಳಿದಳು.

"ಎರಡು ಹೆಸರಿಗಿ ಎಷ್ಟು ಜಾಗ ಬೇಕು ಬೇಟಿ?"

ಖಾಲಾ ಎದ್ದು ಹೋದಳು. ಮಾತು ಬಿಡಲಿಲ್ಲ, ಮುಖ ತಿರುಗಿಸಲಿಲ್ಲ. ರಂಜಾನ್ ಹಬ್ಬಕ್ಕೆ ಸುರಕುಂಬಾ ಪಾಯಸ ಕಳಿಸಿದಳು, ನನ್ನವರಿಗೆ ಜ್ವರ ಬಂದಾಗ ಗಂಜಿ ತಂದಳು. ಆದರೆ ಆ ಸಂಜೆಯ ಮರುದಿನ ಬೆಳಿಗ್ಗೆ ಗೋಡೆಯಾಚೆ ಕಲ್ಲು ತಿರುಗಲಿಲ್ಲ. ಅದರ ಮರುದಿನವೂ ಇಲ್ಲ. ಹೆಗಲು ನೋಯುತ್ತದೆ ಎಂದು ಮನೆಯವರಿಗೆ ಹೇಳಿದಳಂತೆ. ಹೌದು, ವಯಸ್ಸಾಯಿತು, ಹೆಗಲು ನೋಯುತ್ತಿರಬೇಕು ಎಂದು ನಾನೂ ನಂಬಿದೆ. ನಂಬುವುದು ಸುಲಭವಾಗಿತ್ತು. ಓಣಿಯ ತುದಿಯ ಗಿರಣಿಗೆ ಡಬ್ಬಿ ಹಿಡಿದು ಹೋಗುವ ಹೆಂಗಸರ ಸಾಲಿನಲ್ಲಿ ಒಂದು ದಿನ ಖಾಲಾನೂ ನಿಂತಿದ್ದಳು. ನಾನು ಬೇರೆ ದಾರಿಯಿಂದ ಶಾಲೆಗೆ ಹೋದೆ.

ಮುಂದೆ ನನಗೆ ಮಾನ್ವಿಗೆ ವರ್ಗವಾಯಿತು. ಸಾಮಾನು ಕಟ್ಟಿದ ದಿನ ಖಾಲಾ ನನ್ನ ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿದಳು. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದೆ. ಲಾರಿಯವನು ಹಾರನ್ ಹೊಡೆಯುತ್ತಿದ್ದ...

ಒಂದೂವರೆ ವರ್ಷದ ಮೇಲೆ ಆಕೆಗೆ ಹುಷಾರಿಲ್ಲವೆಂದು ತಿಳಿಯಿತು. ರವಿವಾರದ ಬಸ್ಸು ಹಿಡಿದು ಹೋದೆ. ಹೊರಸಿನ ಮೇಲೆ ತಾನೇ ಹೊಲಿದ ಕೌದಿ ಹೊದ್ದು ಮಲಗಿದ್ದಳು. ಇಷ್ಟೇ ಇಷ್ಟಾಗಿದ್ದಳು. ನನ್ನನ್ನು ಕಂಡು ಕೈ ಚಾಚಿದಳು. ಆ ಕೈ ಹಿಡಿದು ಕೂತೆ. ಬರುವ ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡು ಬಂದಿದ್ದೆ.

"ಖಾಲಾ, ನಿನ್ನ ಹೆಸರು ಹೇಳು. ಇನ್ನೊಮ್ಮಿ ಹಾಡ್ತೀನಿ. ಮೂರೂ ಹೆಸರು ಹಾಕಿ ಹಾಡ್ತೀನಿ."

ಆಕೆಯ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಉಸಿರಿಗೊಂದು ಮಾತಿನಂತೆ ಹೇಳಿದಳು.

"ಪದ ಹೋತಲ್ಲ ಬೇಟಿ. ಊರೆಲ್ಲಾ ಹಾಡಾಕತ್ತದ. ಅಲ್ಲಿಗೇ ಮುಗಿತದ ಅಂತ ಎಲ್ಲಾರಿಗೂ ಗೊತ್ತಾಗ್ಯದ. ಇನ್ನ ಹೆಸರು ಕೊಟ್ರ ಎಲ್ಲಿ ಕೂಡಸ್ತಿ?"

"ಕೂಡಸ್ತೀನಿ" ಎಂದೆ.

ಆಕೆ ನನ್ನ ಕೈ ತಟ್ಟಿದಳು, ಕೂಸನ್ನು ಸಮಾಧಾನ ಮಾಡುವಂತೆ. "ರೊಟ್ಟಿ ತಿಂದು ಹೋಗು" ಎಂದು ಕಣ್ಣು ಮುಚ್ಚಿದಳು. ತಿಂದು ಬಂದೆ. ತಿಂಗಳು ಕಳೆದಿರಬೇಕು, ಕಾರ್ಡು ಬಂತು. ಆಕೆ ಹೋಗಿ ಆಗಲೇ ಎಂಟು ದಿನವಾಗಿತ್ತು.

ನಾನು ಹೆಸರನ್ನು ಹುಡುಕಿದೆ. ರೇಷನ್ ಕಾರ್ಡಿನಲ್ಲಿ ಒಂದು ಹೆಸರಿತ್ತು. ಮೈದುನನ ಮಗ ತಲೆಯಲ್ಲಾಡಿಸಿದ. "ಇದು ನಮ್ಮ ದಾದಿ, ಬಡೀಮಾನ ಅತ್ತಿ, ಇಟ್ಟದ್ರಿ, ಮದುವಿಯಾಗಿ ಬಂದಮ್ಯಾಲ. ತವರಿನ ಹೆಸರು ಬ್ಯಾರೆ ಇತ್ತಂತ. ನಮಗ ಗೊತ್ತಿಲ್ಲ." ಪದದಲ್ಲಿದ್ದ ಅಜ್ಜಿಯ, ಅವ್ವನ ಹೆಸರುಗಳು ತವರಿನವೇ ಎಂದು ಖಾಲಾ ಹೇಳಿದ್ದಳು. ಅತ್ತೆ ಮನೆಯ ಹೆಸರಿಗೆ ಅಲ್ಲಿ ಜಾಗವಿಲ್ಲ. ಆಮೇಲೆ ದೇವದುರ್ಗಕ್ಕೆ ಹೋದೆ. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಗುಡ್ಡದ ದರ್ಗಾದಲ್ಲಿ ಒಬ್ಬ ಮುದುಕಿಗೆ ಖಾಲಾನ ಮುಖ ನೆನಪಿತ್ತು. ಆಕೆಯೂ ಇಂಥವಳ ಮಗಳು ಎಂದು ಅವ್ವನ ಹೆಸರನ್ನೇ ಹೇಳಿದಳು. ಹಿಂದಿನ ಗಚ್ಚಿನ ಕೋಣೆ ಕೆಡವಿ ಸಿಮೆಂಟಿನ ಹಾಲ್ ಕಟ್ಟುತ್ತಿದ್ದರು. ಕಮಾನುಗಳು ದೊಡ್ಡವಾಗಿ, ಚೆಂದವಾಗಿಯೇ ಬಂದಿದ್ದವು. ಬೀಸುಕಲ್ಲುಗಳನ್ನು ಮೆಟ್ಟಿಲಿಗೆ ಹಾಕಿದ್ದರು.

ಪದ ಮಾತ್ರ ಬೆಳೆಯಿತು. ಅದನ್ನು ನಾಟಕದಲ್ಲಿ ಬಳಸಿದರು, ನೃತ್ಯಕ್ಕೆ ಅಳವಡಿಸಿದರು. ಈಚೆಗೆ ಗಿಟಾರು ಹಿಡಿದ ಹುಡುಗರು ಸೂಫಿ ಸಂಜೆಗಳಲ್ಲಿ ಹಾಡುತ್ತಾರೆ. ಒಂದು ಸಭಾಭವನದ ಗೋಡೆಯ ಮೇಲೆ ಕಲಾವಿದರೊಬ್ಬರು ಬೀಸುವ ಹೆಂಗಸಿನ ದೊಡ್ಡ ಚಿತ್ರ ಬರೆದು ಕೆಳಗೆ 'ಕಣ್ಣು ಮುಚ್ಚಿ ಬಿದ್ದ ಕಾಳು' ಎಂದು ಬರೆದಿದ್ದಾರೆ. ಚಿತ್ರದ ಹೆಂಗಸಿಗೆ ಮುಖವಿಲ್ಲ, ಅದೇ ಈಗಿನ ಶೈಲಿಯಂತೆ. ನನಗೆ ಶಾಲು ಹೊದಿಸಿದ್ದಾರೆ. ಒಮ್ಮೆ ಧೈರ್ಯ ಮಾಡಿ ವೇದಿಕೆಯ ಮೇಲೆ ಕೊನೆಯ ನುಡಿಯನ್ನೂ ಹಾಡಲು ಹೊರಟೆ. ಅದಕ್ಕೆ ಮುಂಚಿನ ಪಲ್ಲವಿಗೆ ಬಂದೊಡನೆಯೇ ಪದ ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು. ತಬಲಾದವನು ಮುಕ್ತಾಯ ಹಾಕಿಬಿಟ್ಟ. ಆ ಸದ್ದಿನಲ್ಲಿ ಎರಡು ಹೆಸರುಗಳು ಯಾರಿಗೂ ಕೇಳಲಿಲ್ಲ. ಖಾಲಾ ಹೇಳಿದ್ದು ನಿಜವಾಗಿತ್ತು. ಕೂಡಿಸಲು ಜಾಗ ಉಳಿದಿರಲಿಲ್ಲ.

ಮೊನ್ನೆ ರವಿವಾರ ಯರಗೇರಾದ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಬೀಸುವ ಪದಗಳ ಬಗ್ಗೆ ಬರೆಯುತ್ತಿದ್ದಾಳೆ. ಮೊಬೈಲನ್ನು ನನ್ನ ಮುಂದಿಟ್ಟು "ಪೂರಾ ಹಾಡ್ರಿ ಟೀಚರ್, ಕ್ಯಾಸೆಟ್ಟಿನಾಗ ಇದ್ದಷ್ಟ ಅಲ್ಲ" ಎಂದಳು. ಇಷ್ಟು ವರ್ಷಗಳಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ಹಾಡಿದೆ. ದನಿ ಒಡೆದಿದೆ, ಆದರೂ ಹನ್ನೊಂದು ನುಡಿ ಹಾಡಿದೆ. ಕೊನೆಯ ನುಡಿಯಲ್ಲಿ ಅಜ್ಜಿಯ ಹೆಸರು ಹಾಡಿದೆ, ಅವ್ವನ ಹೆಸರು ಹಾಡಿದೆ. ಅಲ್ಲಿಗೆ ನಿಲ್ಲಿಸಿದೆ. ಆ ಎರಡನ್ನು ಇಲ್ಲಿ ಬರೆಯುವುದಿಲ್ಲ. ಮೂರನೆಯದನ್ನು ಕಳೆದವಳಿಗೆ ಅವೆರಡನ್ನು ಅಚ್ಚು ಹಾಕಿಸುವ ಹಕ್ಕಿಲ್ಲ.

"ನಿಮಗ ಕಲಿಸಿದೋರ ಹೆಸರೇನ್ರಿ?" ಎಂದು ಹುಡುಗಿ ಪೆನ್ನು ಹಿಡಿದು ಕಾದಳು.

ನಾನು ಅವಳ ಪೆನ್ನಿನ ತುದಿಯನ್ನೇ ನೋಡುತ್ತಾ ಕೂತೆ. ವಯಸ್ಸಾದವಳು, ಮರೆವು ಎಂದುಕೊಂಡಳೇನೋ. ಪೆನ್ನು ಮುಚ್ಚಿ ಮೆತ್ತಗೆ ಹೇಳಿದಳು. "ಇರ್ಲಿ ಬಿಡ್ರಿ ಟೀಚರ್. ನೆನಪಾದ್ರ ಫೋನ್ ಮಾಡ್ರಿ."

ಆಯಿತು ಎಂದೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತೆ. ಮರೆತ ಹೆಸರಾಗಿದ್ದರೆ ಎಂದಾದರೂ ನೆನಪಾಗುತ್ತಿತ್ತು. ಅದು ನನಗೆ ಹೇಳದೆ ಹೋದ ಹೆಸರು.